ಹಾಸ್ಯ ಪಂಚಾಂಗದ ಒಂದು ಸಾಲು

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಮಶೀನು, ಒಣಗಿಸುವ ಮಶೀನು ಎರಡೂ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿವೆ. ಇವತ್ತು ಬೆಳಿಗ್ಗೆ ನಾನು ತಟ್ಟೆಯ ಮುಂದೆ ಕೂತಿದ್ದಾಗ ನನ್ನ ಹೆಂಡತಿ ಶಾರದಾ ಡ್ರೈಯರಿನ ಬಾಗಿಲು ತೆರೆದಳು. ಬಿಸಿ ಟವೆಲ್ಲುಗಳ ಜೊತೆ ಸೋಪಿನ ವಾಸನೆ ಬಂತು. ಒಳ್ಳೆಯ ವಾಸನೆಯೇ, ಡಬ್ಬಿಯ ಮೇಲೆ ಯಾವುದೋ ನೀಲಿ ಹೂವಿನ ಚಿತ್ರವಿದೆ, ಅದರದ್ದಂತೆ. ಬಾಯಲ್ಲಿದ್ದ ತುತ್ತು ಮಾತ್ರ ಅಲ್ಲೇ ನಿಂತಿತು. ಎದ್ದು ಮುಂದಿನ ಕಿಟಕಿಗೆ ಹೋದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಕಸದ ಗಾಡಿ ಬಂದು ಹೋಗಿತ್ತು. ಹಿಂದಿನ ಕಿಟಕಿಗೆ ಬಂದೆ.

"ಏನಾತ್ರಿ?" ಅಂದಳು ಶಾರದಾ.

"ಏನಿಲ್ಲ."

"ಏನಿಲ್ಲ ಅನ್ನೋರು ಹಿಂಗ ಮನಿತುಂಬ ತಿರಗಂಗಿಲ್ಲ. ಕುಂದರ್ರಿ, ಆರತೈತಿ."

ಕೂತೆ. ಮತ್ತೆ ಎದ್ದೆ. ಈ ತಿರುಗಾಟ ನನಗೆ ಯುಗಾದಿಯ ನಂತರ ಅಂಟಿಕೊಂಡದ್ದು. ಯಾಕೆ ಅಂತ ನಿಮಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಹೇಳುವಾಗ ನಡುವೆ ನಾನು ಅತ್ತಿತ್ತ ಹೋದರೆ ಬೇಸರ ಮಾಡಿಕೊಳ್ಳಬೇಡಿ; ಮುದುಕನ ಮಾತು, ಮೇಲಾಗಿ ಕಾಲು ನಿಲ್ಲದ ಮುದುಕನದು.

ನಾನು ಹುಬ್ಬಳ್ಳಿಯವನು. ಎಸ್ಸೆಸ್ಸೆಲ್ಸಿ ಪಾಸಾದವನು, ಅದರ ಮುಂದಕ್ಕೆ ಹೋಗಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಮಾಲ್ಟನ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕ, ವಿಮಾನದೊಳಗೆ ಕೊಡುವ ಊಟದ ಟ್ರೇ ಜೋಡಿಸುವ ಅಡುಗೆಮನೆಯಲ್ಲಿ ದುಡಿದು ನಿವೃತ್ತನಾದೆ. ಬೆಣ್ಣೆಯ ಪುಟ್ಟ ಡಬ್ಬಿ ಎಡಕ್ಕೆ, ಬ್ರೆಡ್ಡು ಬಲಕ್ಕೆ, ಸಿಹಿ ಮೇಲೆ. ತಲೆಗೆ ಬಲೆ, ಬಾಯಿಗೆ ಬಟ್ಟೆ. ಮಾತಾಡಿದರೆ ಮೇಲಿನವರು ಗದರುತ್ತಿದ್ದರು. ಅಷ್ಟು ವರ್ಷ ಕಟ್ಟಿಟ್ಟ ಮಾತು ನಿವೃತ್ತಿಯಾದ ಮೇಲೆ ಹೊರಗೆ ಬಂತೆಂದು ಕಾಣುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಊರಿನ ಕನ್ನಡ ಪತ್ರಿಕೆ, ಆಮೇಲೆ ಟಿವಿಯಲ್ಲಿ ಇಲ್ಲಿಯ ಇಂಗ್ಲಿಷ್ ಸುದ್ದಿ, ಆಮೇಲೆ ಬಸ್ಸು ಹಿಡಿದು ಶಾಪಿಂಗ್ ಮಾಲಿಗೆ ಹೋಗಿ ಅಲ್ಲಿ ಕೂತ ಗೆಳೆಯರಿಗೆ ಎರಡನ್ನೂ ಕಲಸಿ ಬಡಿಸುವುದು. ಸುದ್ದಿಯನ್ನು ಇದ್ದ ಹಾಗೆ ಹೇಳಿ ನನಗೆ ಗೊತ್ತಿಲ್ಲ. ಕೊನೆಗೊಂದು ಒಗ್ಗರಣೆ ಬೀಳಬೇಕು. ಸೊಪ್ಪಿನಲ್ಲಿ ರೋಗ ಇದೆ, ತಿನ್ನಬೇಡಿ ಎಂದು ಟಿವಿಯವರು ಹೇಳಿದರೆ, "ನಮ್ಮ ಪಾಟೀಲಂಗ ಖುಷಿ ಆತು ನೋಡ್ರಿ, ಹೆಂಡತಿ ಸಲಾಡ್ ತಿನ್ನಸೂದು ತಪ್ಪಿತು" ಎನ್ನುವುದು. ಎಲ್ಲರೂ ನಗುತ್ತಿದ್ದರು. ಪಾಟೀಲ ಬೆಳಗಾವಿ ಕಡೆಯವನು, ನನ್ನ ಜೊತೆ ಅದೇ ಅಡುಗೆಮನೆಯಲ್ಲಿ ದುಡಿದವನು. ಅವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಈ ಗುಣದಿಂದಲೇ ನನಗೆ ಕನ್ನಡ ಸಂಘದಲ್ಲಿ ಒಂದು ಕೆಲಸ ಸಿಕ್ಕಿತು. ಯುಗಾದಿಗೆ ಮಿಸ್ಸಿಸಾಗದ ಒಂದು ಶಾಲೆಯ ಸಭಾಂಗಣ ಹಿಡಿದು ಕಾರ್ಯಕ್ರಮ ಮಾಡುತ್ತೇವೆ. ಮೊದಲು ಬೇವು ಬೆಲ್ಲ. ಆಮೇಲೆ ಮೈಸೂರಿನ ಎಂಜಿನಿಯರರೊಬ್ಬರು ಶಲ್ಯ ಹೊದ್ದು ನಿಜವಾದ ಪಂಚಾಂಗ ಓದುತ್ತಾರೆ. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಏನು. ಹಿಮದ ದೇಶದಲ್ಲಿ ಕೂತು ಆ ಮಳೆಯ ಲೆಕ್ಕ ಕೇಳುವಾಗ ಅರ್ಧ ಜನ ಚಹಾಕ್ಕೆ ಎದ್ದು ಹೋಗುತ್ತಾರೆ. ಅವರನ್ನು ವಾಪಸು ಕರೆತರಲು ಒಂದು ವರ್ಷ ನನ್ನನ್ನು ವೇದಿಕೆಗೆ ತಳ್ಳಿದರು. ನಾನು ಹಾಸ್ಯ ಪಂಚಾಂಗ ಓದಿದೆ. "ಮೇಷ ರಾಶಿಯವರಿಗೆ ಈ ವರ್ಷ ಹಿಮ ತಗಿಯೋ ಯೋಗ, ಸೊಂಟಕ್ಕ ಶನಿ." ಚಹಾದ ಲೋಟ ಹಿಡಿದೇ ಜನ ಓಡಿ ಬಂದರು. ಅಂದಿನಿಂದ ಯುಗಾದಿಯೆಂದರೆ ನನ್ನ ಪಂಚಾಂಗ. ಸಂಘದ ಕಾರ್ಯದರ್ಶಿ ಶ್ರೀಧರ, ಬೆಂಗಳೂರಿನ ಹುಡುಗ, ಚಳಿಗಾಲ ಮುಗಿಯುವ ಮೊದಲೇ ಫೋನು ಮಾಡುತ್ತಿದ್ದ. "ಅಂಕಲ್, ಊಟ ಚೆನ್ನಾಗಿಲ್ದಿದ್ರೂ ಜನ ಅಡ್ಜಸ್ಟ್ ಮಾಡ್ಕೋತಾರೆ, ನಿಮ್ಮ ಐಟಂ ಇಲ್ದಿದ್ರೆ ನನ್ನ ಬಿಡಲ್ಲ."

ಇಂಥ ಮಾತು ಕೇಳಿದ ಮನುಷ್ಯ ನೆಲದ ಮೇಲೆ ನಡೆಯುವುದು ಕಷ್ಟ. ನಾನೂ ನಡೆಯಲಿಲ್ಲ.

ಈಗ ಮಹಾದೇವಿಯ ವಿಷಯ. ಇದು ಅವಳ ನಿಜವಾದ ಹೆಸರಲ್ಲ, ಬದಲಿಸಿದ್ದೇನೆ. ಬೈಲಹೊಂಗಲದ ಕಡೆಯವಳು. ಗಂಡ ಟ್ರಕ್ ಓಡಿಸುತ್ತಾನೆ, ವಾರದಲ್ಲಿ ಹೆಚ್ಚು ದಿನ ಗಡಿಯಾಚೆ ಅಮೆರಿಕದ ರಸ್ತೆಗಳ ಮೇಲೆಯೇ ಇರುತ್ತಾನೆ. ಬ್ರ್ಯಾಂಪ್ಟನ್‌ನಲ್ಲಿ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಅವರ ಬಿಡಾರ. ಶಾರದಾಳ ಮಣಿಕಟ್ಟು ನೋಯತೊಡಗಿ ರೊಟ್ಟಿ ಬಡಿಯುವುದು ನಿಂತಾಗ ನಮ್ಮ ಮನೆಯಲ್ಲಿ ಒಂದು ಸೂತಕವೇ ಬಂದಿತ್ತು. ಅನ್ನ ತಿಂದರೆ ನನಗೆ ಊಟ ಮಾಡಿದ ಹಾಗೆ ಆಗುವುದಿಲ್ಲ. ಆಗ ಯಾರೋ ಮಹಾದೇವಿಯ ನಂಬರು ಕೊಟ್ಟರು. ಶನಿವಾರ ಮಧ್ಯಾಹ್ನ ಅವಳೇ ಹಳೆಯ ಕಾರಿನಲ್ಲಿ ಮನೆಮನೆಗೆ ರೊಟ್ಟಿ ತಂದುಕೊಡುತ್ತಿದ್ದಳು. ಮೆತ್ತಗಿನವು ಬಟ್ಟೆಯಲ್ಲಿ ಸುತ್ತಿ, ಖಡಕ್ ರೊಟ್ಟಿ ಬೇರೆ ಕಟ್ಟಿ, ಮೇಲೊಂದು ಪುಟ್ಟ ಪೊಟ್ಟಣದಲ್ಲಿ ಗುರೆಳ್ಳು ಚಟ್ನಿ. ಪೊಟ್ಟಣ ಕೇಳದೆ ಇಡುತ್ತಿದ್ದಳು. "ಕಾಕಾಗ ಸೇರತೈತಿ ಅಂತ ಕಾಕೂ ಹೇಳಿದ್ರು" ಎನ್ನುವಳು.

ಒಂದು ಸಲ ನಾವೇ ಅವಳ ಮನೆಗೆ ಹೋಗಿದ್ದೆವು. ಒಂದು ಗೋಡೆಗೆ ಒಲೆ, ಹಂಚು. ಎದುರಿಗೆ ಒಂದು ಬಾಗಿಲು, ಅದರ ಆಚೆ ಮೇಲಿನ ಮನೆಯವರ ವಾಷಿಂಗ್ ಮಶೀನು. ಬಾಗಿಲು ಮುಚ್ಚಿಯೇ ಇತ್ತು. ಒಲೆಯ ಕಡೆ ನೆಲ ಎಷ್ಟು ಸ್ವಚ್ಛವಿತ್ತೆಂದರೆ ನಾನು ಚಪ್ಪಲಿಯನ್ನಷ್ಟೇ ಬಿಡದೆ ಸಾಕ್ಸನ್ನೂ ಕಳಚಿದ್ದೆ. ಇದನ್ನೆಲ್ಲ ಕಣ್ಣಾರೆ ಕಂಡವನು ನಾನು. ಅದಕ್ಕೇ ಹೇಳುತ್ತಿದ್ದೇನೆ.

ಅವಳಿಗೊಂದು ಆಸೆಯಿತ್ತು. ಮಾಲ್ಟನ್‌ನ ಒಂದು ಮಿಠಾಯಿ ಅಂಗಡಿಯ ಸರ್ದಾರ್ಜಿ, ಅಂಗಡಿಯ ಹಿಂದಿನ ಅಡುಗೆಮನೆಯನ್ನು ದಿನದಲ್ಲಿ ಕೆಲವು ಹೊತ್ತು ಅವಳಿಗೆ ಬಿಡಲು ಒಪ್ಪಿದ್ದ. ಅದು ತಪಾಸಣೆಯಾದ, ಪರವಾನಗಿ ಇರುವ ಅಡುಗೆಮನೆ. ಅಲ್ಲಿ ರೊಟ್ಟಿ ಮಾಡಿ, ಮುಂದಿನ ಕೌಂಟರಿನಲ್ಲಿ ಇಟ್ಟು, ತಲೆಯೆತ್ತಿ ಮಾರಬಹುದು. ಬೇಸಿಗೆಯ ತನಕ ಆರ್ಡರು ಹೀಗೇ ನಡೆದರೆ ಬಾ ಎಂದಿದ್ದ. ಇದನ್ನು ಅವಳು ಶಾರದಾಳಿಗೆ ಹೇಳಿದ್ದಳು. ಶಾರದಾ ನನಗೆ ಹೇಳಿದ್ದಳು. ನನಗೆ ಗೊತ್ತಿತ್ತು ಎನ್ನುವುದನ್ನು ನೀವು ಮರೆಯಬಾರದು.

ಈ ವರ್ಷದ ಯುಗಾದಿಯ ಹೊತ್ತಿಗೆ ಇಲ್ಲಿ ಎಲ್ಲಿ ನೋಡಿದರೂ ಒಂದೇ ಸುದ್ದಿ: ಗಾಂಜಾ ಮಾರುವ ಅಂಗಡಿಗಳು ತೆರೆಯುತ್ತಿದ್ದವು, ಸರ್ಕಾರವೇ ಪರವಾನಗಿ ಕೊಟ್ಟು. ಟಿವಿಯಲ್ಲಿ ಅಂಗಡಿಯ ಮುಂದೆ ಉದ್ದುದ್ದ ಸಾಲು. ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಸರಕು ಸಿಗುವುದುಂಟೇ? ಊಟದ ಮೇಜಿನ ಮುಂದೆ ಕೂತು ಪಂಚಾಂಗ ಬರೆದೆ. ಮಹಾದೇವಿಯ ರೊಟ್ಟಿ ತಿನ್ನುತ್ತಲೇ ಬರೆದೆ. ಕನ್ಯಾ ರಾಶಿಗೆ ಬಂದಾಗ ಸಾಲು ತಾನಾಗಿಯೇ ಬಂತು. ಬರೆದು ಶಾರದಾಳಿಗೆ ಓದಿ ತೋರಿಸಿದೆ.

ಅವಳು ನಗಲಿಲ್ಲ. "ಅದನ್ನ ತಗದುಬಿಡ್ರಿ."

"ಯಾಕ? ಹೆಸರ ಹೇಳಿಲ್ಲಲ್ಲ."

"ಇಡೀ ಊರಾಗ ಬೇಸ್‌ಮೆಂಟಿನ್ಯಾಗ ರೊಟ್ಟಿ ಮಾಡಿ ಕೊಡಾಕಿ ಅಕಿ ಒಬ್ಬಾಕಿ. ಹೆಸರ ಬ್ಯಾರೆ ಹೇಳಬೇಕೇನು? ಅಕಿ ಅಂಗಡಿ ಹಿಡೀಬೇಕಂತ ಓಡ್ಯಾಡಾಕ ಹತ್ಯಾಳ."

"ನಗಿಚಾಟಿಕಿ ಅದು. ಅಕೀನೂ ನಗತಾಳ ತಗೋ."

ಸಭಾಂಗಣ ತುಂಬಿತ್ತು. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಓದಿದೆ. "ಕನ್ಯಾ ರಾಶಿಯವರಿಗೆ ಈ ವರ್ಷ ಬೇಸ್‌ಮೆಂಟ್ ರೊಟ್ಟಿ ಯೋಗ. ಈ ದೇಶದಾಗ ಗಾಂಜಾಕ್ಕ ಲೈಸೆನ್ಸ್ ಐತಿ, ರೊಟ್ಟಿಗಿಲ್ಲ. ಈ ಕಡೆ ಹಂಚು, ಆ ಕಡೆ ವಾಷಿಂಗ್ ಮಶೀನು. ರೊಟ್ಟಿ ಮುರದ್ರ ಸೋಪಿನ ಘಮ, ಅಂಗಿ ತೊಟ್ರ ಜೋಳದ ಘಮ."

ನನ್ನ ಜೀವಮಾನದಲ್ಲಿ ಅಂಥ ನಗು ನಾನು ಕೇಳಿಲ್ಲ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಿಂದಿನಿಂದ ಪಾಟೀಲ ಸೀಟಿ ಹಾಕಿದ. ನಗು ನಿಂತಿತೆಂದು ತುಲಾ ರಾಶಿಗೆ ಬಾಯಿ ತೆರೆದರೆ ಮತ್ತೆ ಶುರುವಾಯಿತು. ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದೆ, ಸುಳ್ಳೇಕೆ ಹೇಳಲಿ.

ಮುಂದಿನ ಶನಿವಾರ ರೊಟ್ಟಿ ಬಂತು. ಅದರ ಮುಂದಿನ ಶನಿವಾರವೂ ಬಂತು, ಪೊಟ್ಟಣದ ಸಮೇತ. ಆದ್ದರಿಂದ ನನಗೆ ಏನೂ ತಿಳಿಯಲಿಲ್ಲ. ಮಹಾದೇವಿಯ ಆರ್ಡರುಗಳು ಒಂದೊಂದಾಗಿ ನಿಲ್ಲುತ್ತಿವೆ ಎಂದು ತಿಳಿದದ್ದು ಶಾರದಾಳಿಗೆ, ದೇವಸ್ಥಾನದಲ್ಲಿ. ಅಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದ್ದರು: ನಮ್ಮ ಮನೆಯವರು ಈಗ ಗೋಧಿ ಚಪಾತಿ ಸಾಕು ಅಂತಾರೆ. ಮಕ್ಕಳು ಹಾಡಿನ ಹಾಗೆ "ಸೋಪ್ ರೋಟಿ" ಅಂತ ಕುಣಿಯುತ್ತವೆ. ಲೈಸೆನ್ಸ್ ಇಲ್ಲ ಅಂದ ಮೇಲೆ ನಾಳೆ ಏನಾದರೂ ಆದರೆ ಯಾಕೆ ಬೇಕು. ರೊಟ್ಟಿಯಲ್ಲಿ ನಿಜವಾಗಿ ಸೋಪಿನ ವಾಸನೆ ಇದೆ ಎಂದು ಯಾರೂ ನಂಬಿರಲಿಲ್ಲ. ಆದರೆ ರೊಟ್ಟಿ ಮುರಿದ ಕೂಡಲೇ ಎಲ್ಲರಿಗೂ ಆ ಸಾಲು ನೆನಪಾಗುತ್ತಿತ್ತು. ನೆನಪಾದ ಮೇಲೆ ಮೂಗು ತಾನೇ ಹುಡುಕುತ್ತಿತ್ತು. ನೋಡಿ, ಅಡುಗೆಗೆ ಉಪ್ಪು ಹೆಚ್ಚಾದರೆ ನೀರು ಹಾಕಬಹುದು. ಇದಕ್ಕೆ ಏನು ಹಾಕುವುದು?

ಶಾರದಾ ಕೂಗಾಡಲಿಲ್ಲ. "ನೀವ ಅಂದೀರಿ, ನೀವ ಸರಿ ಮಾಡ್ರಿ" ಎಂದಳು.

ಸರಿ ಮಾಡಲು ಹೊರಟೆ. ಮಾಲಿನಲ್ಲಿ ಗೆಳೆಯರ ಮುಂದೆ, ನಾನು ಕಣ್ಣಾರೆ ನೋಡಿದ್ದೇನೆ, ಅಷ್ಟು ಸ್ವಚ್ಛ ನಮ್ಮ ಮನೆಯೂ ಇಲ್ಲ ಎಂದೆ. ಅವರು ಮುಂದೇನು ಬರುತ್ತದೆ ಎಂದು ನನ್ನ ಬಾಯನ್ನೇ ನೋಡಿದರು. ಒಗ್ಗರಣೆ ಬರಲಿಲ್ಲವೆಂದು ಅವರೇ ಹಾಕಿಕೊಂಡರು. "ಅಂದ್ರ ಸೋಪು ಒಳ್ಳೇ ಕಂಪನೀದು ಅನ್ನು" ಎಂದ ಪಾಟೀಲ. ಮತ್ತೆ ನಗು. ಮನೆಗೆ ಬಂದು ಪರಿಚಯದವರಿಗೆಲ್ಲ ಫೋನು ಹಚ್ಚಿದೆ. ಸ್ಟ್ರೀಟ್ಸ್‌ವಿಲ್‌ನ ಒಬ್ಬ ಹೆಣ್ಣುಮಗಳು, ಬೆಂಗಳೂರಿನವಳು, ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು ಹೇಳಿದಳು: "ಅಯ್ಯೋ ಅಂಕಲ್, ಅವತ್ತು ನಾವು ಪ್ರೋಗ್ರಾಮಿಗೆ ಬಂದಿರ್ಲೇ ಇಲ್ಲ. ಬೇಸ್‌ಮೆಂಟಲ್ಲಿ ಮಾಡ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು." ಆ ವಾರ ಅವಳ ಆರ್ಡರೂ ನಿಂತಿತು. ನಾನು ಫೋನು ಕೆಳಗಿಟ್ಟೆ. ಅಂದಿನಿಂದ ಈ ಕಿಟಕಿಯಿಂದ ಆ ಕಿಟಕಿಗೆ.

ಜೂನಿನಲ್ಲಿ ಒಂದು ದಿನ ತಡೆಯಲಾಗದೆ ಮಹಾದೇವಿಯ ಮನೆಗೆ ಹೊರಟೆ. ಇಲ್ಲಿಯ ಬಾಸ್ಕೆಟ್‌ಬಾಲ್ ತಂಡ ಗೆದ್ದ ದಿನಗಳು ಅವು. ಬಸ್ಸಿನ ತುಂಬ ಕೆಂಪು ಅಂಗಿ ತೊಟ್ಟ ಹುಡುಗರು, ಹಾಡು, ಕೇಕೆ. ಪಕ್ಕದವನು ನನ್ನ ಅಂಗೈಗೆ ಅಂಗೈ ತಟ್ಟಿದ. ಬೇರೆ ವರ್ಷವಾಗಿದ್ದರೆ ಈ ಸುದ್ದಿಯಿಂದ ನಾನು ಎಷ್ಟು ಊಟ ಬಡಿಸುತ್ತಿದ್ದೆನೋ. ಅಂದು ಯಾರ ಮೇಲೆ ಗೆದ್ದರು ಅಂತಲೂ ಕೇಳಲಿಲ್ಲ.

ಪಕ್ಕದ ಬಾಗಿಲಿನಿಂದ ಮೆಟ್ಟಿಲಿಳಿದರೆ ಅವಳ ಮನೆ. ಒಲೆ ಆರಿತ್ತು. ಮಹಾದೇವಿ ಒಂದು ನೀಲಿ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಬ್ರೆಡ್ ಮಾಡುವ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳಂತೆ. "ಬರ್ರಿ ಕಾಕಾ" ಎಂದಳು. ಚಹಾಕ್ಕೆ ಇಟ್ಟಳು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು.

"ನಾ ತಪ್ಪ ಮಾಡೇನಿ ಮಹಾದೇವಿ. ಆ ಯುಗಾದಿ ದಿವಸ..."

"ಗೊತ್ತೈತ್ರಿ. ನಾನೂ ಅಲ್ಲೇ ಇದ್ದೆನಲ್ರಿ."

ಇದು ನನಗೆ ಹೊಳೆದಿರಲೇ ಇಲ್ಲ. ತುಂಬಿದ ಸಭಾಂಗಣದಲ್ಲಿ ನಾನು ನಗುವನ್ನು ನೋಡಿದ್ದೆ, ಜನರನ್ನು ನೋಡಿರಲಿಲ್ಲ.

"ನಡುವಿನ ಸಾಲಿನ್ಯಾಗ ಕುಂತಿದ್ದೆ" ಎಂದಳು. "ನಾನೂ ನಕ್ಕೆ ಕಾಕಾ."

"ನೀನೂ ನಕ್ಯಾ?"

"ಬಾಜೂಕ ಕುಂತಾಕಿ ತಿರುಗಿ ನನ್ನ ಮಾರಿ ನೋಡಿದ್ಲು. ಮುಂದಿನಾಕೀನೂ ನೋಡಿದ್ಲು. ಮತ್ತೇನ ಮಾಡ್ಲಿ? ನಕ್ಕೆ."

ಚಹಾ ಉಕ್ಕಿತು. ಅವಳು ಎದ್ದು ಒಲೆ ಆರಿಸಿ, ಸೋಸಿ, ಲೋಟ ನನ್ನ ಮುಂದಿಟ್ಟಳು. ಸರ್ದಾರ್ಜಿ ಅಡುಗೆಮನೆಯ ಆ ಹೊತ್ತನ್ನು ಮೋಮೋ ಮಾಡುವವರಿಗೆ ಕೊಟ್ಟನೆಂದು ಹೇಳಿದಳು. ಪಾಪ, ಅವನೇನು ಮಾಡುತ್ತಾನೆ, ಎಷ್ಟು ದಿನ ಕಾಯುತ್ತಾನೆ ಎಂದು ಅವನ ಪರವಾಗಿಯೇ ಮಾತಾಡಿದಳು. ನನ್ನ ಪರವಾಗಿ ಏನೂ ಹೇಳಲಿಲ್ಲ.

"ನವೆಂಬರಕ್ಕ ರಾಜ್ಯೋತ್ಸವ ಐತಿ" ಎಂದೆ. "ಶ್ರೀಧರಂಗ ಹೇಳಿ ಮೈಕ್ ತಗೋತೀನಿ. ಎಲ್ಲಾರ ಮುಂದ ಹೇಳತೀನಿ, ನಾ ಅಂದದ್ದು ಸುಳ್ಳು ಅಂತ."

"ಬ್ಯಾಡ್ರಿ."

"ಯಾಕ ಬ್ಯಾಡ? ಅಂದ ಬಾಯಿಲೇ..."

"ನೀವು ಮತ್ತ ಮೈಕ್ ಹಿಡದ್ರ ಮರತವ್ರಿಗೂ ನೆನಪಾಗತೈತಿ. ಮತ್ತ ಎಲ್ಲಾರೂ ಹೊಳ್ಳಿ ನನ್ನ ನೋಡತಾರ. ಆಗ ನಾ ಅಳಬೇಕೋ, ನಗಬೇಕೋ?" ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ನನಗ ಒಂದ ಉಪಕಾರ ಮಾಡ್ರಿ. ಯಾರ ಮುಂದೂ ಏನೂ ಅನಬ್ಯಾಡ್ರಿ. ಛಲೋದೂ ಬ್ಯಾಡ, ಕೆಟ್ಟದ್ದೂ ಬ್ಯಾಡ. ಸುಮ್ಮ ಇರ್ರಿ."

ಆಗಲಿ ಎಂದೆ. ಬೇರೆ ಯಾವ ಶಿಕ್ಷೆ ಕೊಟ್ಟಿದ್ದರೂ ಇದಕ್ಕಿಂತ ಹಗುರವಾಗುತ್ತಿತ್ತು. ತಪ್ಪು ಮಾಡಿದವನಿಗೆ ಕ್ಷಮೆ ಕೇಳುವುದರಲ್ಲೂ ಒಂದು ಸುಖವಿದೆ, ನಾಲ್ಕು ಜನ ನೋಡುತ್ತಾರೆ, ದೊಡ್ಡ ಮನಸ್ಸು ಎನ್ನುತ್ತಾರೆ. ಅವಳು ಅದನ್ನೂ ಕಿತ್ತುಕೊಂಡಿದ್ದಳು. ಸುಮ್ಮನಿರುವ ಅಭ್ಯಾಸ ನನಗೆಲ್ಲಿದೆ? ಬಾಯಿ ಕಟ್ಟಿದೆ, ಕಾಲು ಮಾತ್ರ ತಿರುಗುತ್ತಿತ್ತು.

ಶ್ರಾವಣದಲ್ಲಿ ಶಾರದಾ ಒಂದು ಯೋಚನೆ ಮಾಡಿದಳು. ಒಂದು ಭಾನುವಾರ ನಾಲ್ಕಾರು ಮನೆಯವರನ್ನು ಊಟಕ್ಕೆ ಕರೆಯುವುದು. ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹೋಳಿಗೆ ನಮ್ಮ ಮನೆಯಲ್ಲಿ, ರೊಟ್ಟಿ ಮಹಾದೇವಿಯದು. "ಯಾರ ರೊಟ್ಟಿ ಅಂತ ಕೇಳಿದ್ರ ಹೇಳೂದು. ಕೇಳದಿದ್ರ ಉಣ್ಣಲಿ" ಎಂದಳು. ಮಹಾದೇವಿ ಮೊದಲು ಒಲ್ಲೆನೆಂದಳು. ಶಾರದಾ ಏನು ಹೇಳಿ ಒಪ್ಪಿಸಿದಳೋ, ಆ ಭಾನುವಾರ ಮಹಾದೇವಿ ಬೆಳಿಗ್ಗೆಯೇ ಬಂದು ನಮ್ಮ ಒಲೆಯ ಮೇಲೆ ಬಿಸಿ ರೊಟ್ಟಿ ಮಾಡತೊಡಗಿದಳು. ಆ ಬಡಿತದ ಸದ್ದು ಕೇಳುತ್ತ ಜನ ಒಬ್ಬೊಬ್ಬರೇ ಒಳಗೆ ಬಂದರು. ಸದ್ದು ಕೇಳಿದ ಮೇಲೆ ಯಾರ ರೊಟ್ಟಿಯೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ.

ಎಲ್ಲರೂ ತಟ್ಟೆ ಹಿಡಿದು ಕೂತಾಗ ಪಾಟೀಲ ಮೊದಲ ರೊಟ್ಟಿ ಮುರಿದ. ಮುರಿದು ತಿನ್ನಲಿಲ್ಲ. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎಲ್ಲರೂ ನೋಡುತ್ತಿದ್ದಾರೆಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದ. "ಕನ್ಯಾ ರಾಶಿ ಯಾರದ್ರಪಾ ಇಲ್ಲಿ?"

ಒಂದಿಬ್ಬರು ನಕ್ಕರು. ಉಳಿದವರು ನಗಲು ತಯಾರಾಗಿ ನನ್ನನ್ನು ನೋಡಿದರು. ಅಡುಗೆಮನೆಯಲ್ಲಿ ಬಡಿತ ನಿಂತಿತು.

ನನ್ನ ಬಾಯಿಗೆ ಎರಡು ಮಾತು ಒಟ್ಟಿಗೆ ಬಂದವು. ಒಂದು ತಮಾಷೆಯದು, ಅದು ಇಂದಿಗೂ ತಾನಾಗಿ ಬರುತ್ತದೆ, ನಿಮ್ಮ ಮುಂದೆ ಮುಚ್ಚಿಡುವುದೇನು. ಇನ್ನೊಂದು, ಬಾಯಿ ಮುಚ್ಚೋ ಪಾಟೀಲ, ಅದು ನಾನು ಕಟ್ಟಿದ ಸುಳ್ಳು ಎನ್ನುವುದು. ಎರಡನ್ನೂ ನುಂಗಿದೆ. ಸಿಟ್ಟಿನ ಮುಖವನ್ನೂ ಮಾಡಲಿಲ್ಲ, ಅದೂ ಒಂದು ಮಾತೇ. ರೊಟ್ಟಿ ಮುರಿದೆ, ಪಲ್ಯ ಹಚ್ಚಿಕೊಂಡೆ, ತಿಂದೆ. ಮತ್ತೊಂದು ತುತ್ತು ಮುರಿದೆ. ಅವರು ಕಾದರು. ನನ್ನ ತಟ್ಟೆಯನ್ನು ಬಿಟ್ಟು ನಾನು ಏನನ್ನೂ ನೋಡಲಿಲ್ಲ. ಪಾಟೀಲ ರೊಟ್ಟಿಯ ತುಂಡನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಇದ್ದ. ಎಷ್ಟು ಹೊತ್ತು ಹಿಡಿದಾನು? ಕೊನೆಗೆ ಬಾಯಿಗೆ ಹಾಕಿಕೊಂಡ. ಅಗಿದ. ಯಾರೋ ಎಣ್ಣೆಗಾಯಿಗೆ ಎಳ್ಳು ಹಾಕಿದ್ದೀರಾ ಎಂದು ಶಾರದಾಳನ್ನು ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ಪಾಟೀಲ ಒಳಗಡೆಗೆ ಕೇಳುವ ಹಾಗೆ, ಆದರೆ ಯಾರ ಕಡೆಗೂ ನೋಡದೆ, "ಬಿಸೀದು ಇನ್ನೊಂದ ಬರಲಿ ಬೇ" ಎಂದ.

ಬಡಿತ ಮತ್ತೆ ಶುರುವಾಯಿತು.

ಇದರಿಂದ ಎಲ್ಲ ಸರಿಹೋಯಿತು ಎಂದು ನೀವು ತಿಳಿಯಬೇಡಿ. ಆ ಅಡುಗೆಮನೆ ಮೋಮೋದವರ ಹತ್ತಿರವೇ ಇದೆ. ಮಹಾದೇವಿ ಫ್ಯಾಕ್ಟರಿಯ ಶಿಫ್ಟಿಗೆ ಹೋಗುತ್ತಾಳೆ. ಊಟಕ್ಕೆ ಬಂದವರಲ್ಲಿ ಎರಡು ಮನೆಯವರು ಮತ್ತೆ ರೊಟ್ಟಿ ತರಿಸುತ್ತಾರೆ, ಅವುಗಳಲ್ಲಿ ಪಾಟೀಲನದೂ ಒಂದು. ಮುಂದಿನ ಯುಗಾದಿಗೆ ಏನಾದರೂ ಬರೆಯಿರಿ ಎಂದು ಶ್ರೀಧರ ಈಗಲೇ ಗಂಟುಬಿದ್ದಿದ್ದಾನೆ. ಇಲ್ಲಪ್ಪ ಎಂದೆ. ಹುಷಾರಿಲ್ಲವೇ ಎಂದು ಕೇಳಿದ. ಹುಷಾರಿದ್ದೇನೆ ಎಂದೆ, ಅಷ್ಟಕ್ಕೇ ಬಿಟ್ಟೆ. ಮಾಲಿಗೆ ಈಗಲೂ ಹೋಗುತ್ತೇನೆ. ಸುದ್ದಿ ಬೇರೆಯವರು ಹೇಳುತ್ತಾರೆ. ಎಲ್ಲರೂ ನಕ್ಕಾಗ ನಾನು ಹೇಳಿದವನನ್ನು ನೋಡುವುದಿಲ್ಲ. ಯಾರ ಮುಖವನ್ನು ಬೇರೆಯವರು ತಿರುಗಿ ನೋಡುತ್ತಿದ್ದಾರೆ ಎಂದು ಹುಡುಕುತ್ತೇನೆ. ಇಂಥ ಒಬ್ಬರು ಹೆಚ್ಚು ಕಡಿಮೆ ಪ್ರತಿ ಸಲ ಇರುತ್ತಾರೆ. ಇಷ್ಟು ವರ್ಷ ನಾನು ಅವರನ್ನು ಕಂಡಿರಲಿಲ್ಲ.

ಇದನ್ನು ಬರೆಯುವ ಮೊದಲು ಮಹಾದೇವಿಯನ್ನು ಕೇಳಿದೆ. ಹೆಸರು ಬದಲಿಸುತ್ತೇನೆ, ನಿನಗೆ ಬೇಡವಾದರೆ ಬರೆಯುವುದೇ ಇಲ್ಲ ಎಂದೆ. ಶಿಫ್ಟಿಗೆ ಹೊರಟಿದ್ದಳು. ಬೂಟಿನ ದಾರ ಕಟ್ಟುತ್ತ ಸ್ವಲ್ಪ ಯೋಚಿಸಿದಳು.

"ಬರೀರಿ ಕಾಕಾ. ನಗೂವಂಗ ಬರೀಬ್ಯಾಡ್ರಿ, ಅಷ್ಟ."

ಬರೆದ ಮೇಲೆ ಓದಿ ನೋಡಿದರೆ ಕೆಲವು ಕಡೆ ನಗು ಬರುವ ಹಾಗಿತ್ತು. ಕೈಗಂಟಿದ ಚಾಳಿ. ಆದಷ್ಟು ಹೊಡೆದು ಹಾಕಿದ್ದೇನೆ. ಇನ್ನೂ ಎಲ್ಲಾದರೂ ಉಳಿದಿದ್ದರೆ, ಪಕ್ಕದಲ್ಲಿ ಯಾರೂ ಇಲ್ಲದಾಗ ನಗಿರಿ.